ಹರಿವೆ, ದಂಟು, ಕೀರೆ: ಒಂದು ಸೊಪ್ಪಿನ ಹೆಸರಿನ ಸುತ್ತ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಈ ದತ್ತಿಯ ಆಶಯಪತ್ರದಲ್ಲಿ ಉಪನ್ಯಾಸದ ವಿಷಯ ‘ಜನಬಳಕೆಯ ಕನ್ನಡ’ಕ್ಕೆ ಸಂಬಂಧಪಟ್ಟಿರಬೇಕು ಎಂದಿದೆ. ಸಂಘಟಕರು ವಿಷಯ ಕೇಳಿದಾಗ ‘ಹರಿವೆ ಸೊಪ್ಪು’ ಎಂದೆ. ‘ಅದರ ಔಷಧೀಯ ಗುಣಗಳ ಬಗ್ಗೆಯೋ ಸಾರ್?’ ಎಂದು ವಿನಯದಿಂದಲೇ ವಿಚಾರಿಸಿದರು. ಇಲ್ಲ, ಹೆಸರಿನ ಬಗ್ಗೆ ಎಂದೆ. ಅವರು ಒಪ್ಪಿಕೊಂಡರು, ಆದರೆ ಒಂದು ಗಂಟೆ ಮಾತಾಡುವಷ್ಟು ಅದರಲ್ಲಿ ಏನಿದೆ ಎಂಬ ಅನುಮಾನ ಅವರಿಗಿದ್ದರೆ ತಪ್ಪೇನಿಲ್ಲ. ಶಾಸನದ ಪದಕ್ಕೆ, ವಚನದ ಪದಕ್ಕೆ, ಹಳಗನ್ನಡ ಕಾವ್ಯದ ಪದಕ್ಕೆ ನಮ್ಮಲ್ಲಿ ಟೀಕೆ ಟಿಪ್ಪಣಿಗಳಿವೆ. ದಿನಕ್ಕೆರಡು ಹೊತ್ತು ತಟ್ಟೆಗೆ ಬಂದು ಬೀಳುವ ಪದಕ್ಕೆ ಟಿಪ್ಪಣಿ ಬೇಕು ಎಂದು ಯಾರಿಗೂ ಅನ್ನಿಸಿಲ್ಲ. ಎಲ್ಲರಿಗೂ ಗೊತ್ತಿರುವುದಕ್ಕೆ ಅರ್ಥ ಹೇಳುವುದೇನು?

ತೊಂದರೆ ಇರುವುದೇ ಅಲ್ಲಿ. ಎಲ್ಲರಿಗೂ ಗೊತ್ತು, ಆದರೆ ಒಬ್ಬೊಬ್ಬರಿಗೆ ಒಂದೊಂದು ಗೊತ್ತು. ಪುತ್ತೂರಿನವರ ಹರಿವೆ, ಮಂಡ್ಯದವರ ದಂಟು, ಧಾರವಾಡದವರ ರಾಜಗಿರಿ ಪಲ್ಯ, ಬೆಂಗಳೂರಿನ ಹಳೇ ಬಡಾವಣೆಯ ಕೀರೆ ಇವುಗಳನ್ನೆಲ್ಲ ನಿಘಂಟು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ: ‘ಒಂದು ಬಗೆಯ ಸೊಪ್ಪು’. ನಾನು ಈ ಹೊತ್ತು ಹೇಳಹೊರಟಿರುವುದು ಇಷ್ಟೇ: ಸೊಪ್ಪಿನ ಹೆಸರು ಗಿಡಕ್ಕೆ ಕಟ್ಟಿದ ಚೀಟಿ ಎಂದು ನಾವು ತಿಳಿದಿದ್ದೇವೆ. ನಿಜದಲ್ಲಿ ಅದು ಗಿಡವನ್ನು ಯಾವ ವಯಸ್ಸಿನಲ್ಲಿ ಕಿತ್ತರು, ಯಾವ ಭಾಗ ತಿಂದರು, ಯಾವುದರ ಜೊತೆ ಬೇಯಿಸಿದರು ಎಂಬುದರ ದಾಖಲೆ. ಆ ದಾಖಲೆಯನ್ನು ಓದದೆ ಅರ್ಥ ಬರೆದರೆ ಅರ್ಧ ಬರೆದಂತೆ.

ಎಲೆ ಬೇರೆ, ಸೊಪ್ಪು ಬೇರೆ

ಮೊದಲು ‘ಸೊಪ್ಪು’ ಎಂಬ ಪದವನ್ನೇ ನೋಡೋಣ. ಎಲೆಗೂ ಸೊಪ್ಪಿಗೂ ಏನು ವ್ಯತ್ಯಾಸ? ಎಲೆಯನ್ನು ಎಣಿಸುತ್ತೇವೆ, ಸೊಪ್ಪನ್ನು ಎಣಿಸುವುದಿಲ್ಲ. ಊಟಕ್ಕೆ ಇಪ್ಪತ್ತು ಬಾಳೆ ಎಲೆ ಬೇಕು ಎನ್ನುತ್ತೇವೆ, ವೀಳ್ಯದೆಲೆಯನ್ನು ನೂರರ ಲೆಕ್ಕದಲ್ಲಿ ಕೊಳ್ಳುತ್ತೇವೆ. ‘ಇಪ್ಪತ್ತು ಸೊಪ್ಪು ಕೊಡಮ್ಮ’ ಎಂದು ಯಾರೂ ಕೇಳುವುದಿಲ್ಲ. ಸೊಪ್ಪು ಏನಿದ್ದರೂ ಒಂದು ಹಿಡಿ, ಒಂದು ಕಟ್ಟು, ಒಂದು ಕಂತೆ. ಉತ್ತರ ಕರ್ನಾಟಕದಲ್ಲಿ ಒಂದು ಸೂಡಿ, ಒಂದು ಸಿವುಡು. ಎಲೆ ಗಿಡದ ಅಂಗ. ಸೊಪ್ಪು ಮನುಷ್ಯ ಗಿಡದಿಂದ ತನಗೆಂದು ತೆಗೆದುಕೊಂಡ ರಾಶಿ.

ಹಾಗೆಂದು ಸೊಪ್ಪೆಲ್ಲ ತಿನ್ನುವುದಕ್ಕೇ ಎಂದಲ್ಲ. ಹೊಗೆಸೊಪ್ಪು ಎಂಬ ಪದದಲ್ಲಿ ಸೊಪ್ಪಿದೆ. ಉಗಾದಿಗೆ ತರುವ ಮಾವಿನ ಸೊಪ್ಪು, ಬೇವಿನ ಸೊಪ್ಪು ಇವೆ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಗೊಬ್ಬರದ ಸೊಪ್ಪು ಒದಗಿಸಲೆಂದು ಬಿಟ್ಟ ಕಾಡಿಗೆ ‘ಸೊಪ್ಪಿನ ಬೆಟ್ಟ’ ಎಂದೇ ಹೆಸರು. ಅದು ಕಂದಾಯ ದಾಖಲೆಗೂ ಕೋರ್ಟಿನ ವ್ಯಾಜ್ಯಕ್ಕೂ ಹೋದ ಪದ. ಕುರಿಗೆ ಹಾಕುವುದು ಸೊಪ್ಪು, ಕೊಟ್ಟಿಗೆಗೆ ಹರಡುವುದು ಸೊಪ್ಪು. ಎಲ್ಲದರಲ್ಲೂ ಉಪಯೋಗದ ವಾಸನೆ ಇದೆ. ಉಪಯೋಗವಿಲ್ಲದೆ ಸುಮ್ಮನೆ ಮರದ ಮೇಲಿರುವುದು ಎಲೆ. ಅದನ್ನೇ ನಮ್ಮ ಕೆಲಸಕ್ಕೆ ಮುರಿದು ತಂದರೆ ಸೊಪ್ಪು.

ನುಡಿಗಟ್ಟುಗಳೂ ಇದನ್ನೇ ಹಿಡಿದಿವೆ. ‘ಅವನ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ’ ಎಂದರೆ ಲೆಕ್ಕಕ್ಕೇ ಇಡಲಿಲ್ಲ ಎಂದರ್ಥ. ‘ಓಡಾಡಿ ಸೋತು ಸೊಪ್ಪಾದೆ’ ಎನ್ನುವಾಗ ಬಾಡಿ ಬಿದ್ದ ಕಟ್ಟು ಕಣ್ಣಿಗೆ ಬರುತ್ತದೆ. ಎರಡರಲ್ಲೂ ‘ಎಲೆ’ ಹಾಕಿ ನೋಡಿ, ನಿಲ್ಲುವುದಿಲ್ಲ.

ಇನ್ನೊಂದು ಕೆಲಸವನ್ನು ಈ ಪದ ಸದ್ದಿಲ್ಲದೆ ಮಾಡುತ್ತದೆ. ಬೆಂಗಳೂರಿನಲ್ಲಿ ಸಬ್ಬಸಿಗೆಯನ್ನು ಬಹಳ ಜನ ‘ಸಬ್ಬಕ್ಕಿ ಸೊಪ್ಪು’ ಎನ್ನುತ್ತಾರೆ. ಬರೀ ಸಬ್ಬಕ್ಕಿ ಎಂದರೆ ಪಾಯಸಕ್ಕೆ ಹಾಕುವ ಬಿಳಿ ಮುತ್ತು. ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತಿಕೆಯೇ ಇಲ್ಲ. ಅಂಗಡಿಯಲ್ಲಿ ಈ ಗೊಂದಲವಾಗದಂತೆ ಕಾಯುವುದು ಹಿಂದೆ ನಿಂತ ‘ಸೊಪ್ಪು’. ಮೆಂತ್ಯ ಎಂದರೆ ಕಾಳು, ಮೆಂತ್ಯ ಸೊಪ್ಪು ಎಂದರೆ ಕಟ್ಟು. ಕೊತ್ತಂಬರಿಗೂ ಇದೇ ನ್ಯಾಯ. ಆದರೆ ಹರಿವೆ, ಬಸಳೆ ಈ ಎರಡಕ್ಕೆ ಸೊಪ್ಪು ಎಂಬ ಊರುಗೋಲು ಬೇಡ. ‘ಇವತ್ತು ಹರಿವೆ’ ಎಂದರೆ ಸಾಕು. ಹೆಸರು ತಾನೇ ನಿಲ್ಲಬಲ್ಲದ್ದಾದರೆ ಆ ಸೊಪ್ಪು ಆ ಊರಿನ ಅಡುಗೆಮನೆಯಲ್ಲಿ ಹಳೆಯ ಒಡನಾಡಿ ಎಂದು ತಿಳಿಯಬಹುದು.

ವಯಸ್ಸಿಗೆ ತಕ್ಕ ಹೆಸರು

ಈಗ ನಮ್ಮ ಗಿಡಕ್ಕೆ ಬರೋಣ. ಇದರ ಬೀಜ ಸಾಸಿವೆಗಿಂತ ಚಿಕ್ಕದು, ಕರ್ರಗೆ ಮಿರುಗುತ್ತದೆ. ಹಾಗೇ ಎರಚಿದರೆ ಒಂದೇ ಕಡೆ ಗುಪ್ಪೆ ಬೀಳುತ್ತದೆಂದು ಮರಳಿನ ಜೊತೆ ಬೆರೆಸಿ ಮಡಿಗೆ ಚೆಲ್ಲುತ್ತಾರೆ. ಮೂರು ನಾಲ್ಕು ವಾರಕ್ಕೆ ಗೇಣುದ್ದ ಬಂದಾಗ ಒತ್ತಾದ ಕಡೆ ಬೇರುಸಹಿತ ಕೀಳುತ್ತಾರೆ. ಅದು ಎಳೆ ಸೊಪ್ಪು, ಕಾಂಡವೂ ಎಲೆಯಂತೆಯೇ ಮೆತ್ತಗಿರುತ್ತದೆ. ಉಳಿದ ಗಿಡಕ್ಕೆ ಜಾಗ ಸಿಕ್ಕಿ ಅದು ಸೊಂಟದೆತ್ತರ ಬೆಳೆದು ಕಾಂಡ ಹೆಬ್ಬೆರಳಿನಷ್ಟು ದಪ್ಪವಾಗುತ್ತದೆ. ಇನ್ನೂ ಬಿಟ್ಟರೆ ಕದಿರು ತೆಗೆದು ಬೀಜಕ್ಕೆ ನಿಲ್ಲುತ್ತದೆ.

ಹಳೇ ಮೈಸೂರಿನ ಸಂತೆಯಲ್ಲಿ ಈ ಹಂತಗಳಿಗೆ ಬೇರೆ ಬೇರೆ ಹೆಸರು ಸಿಗುತ್ತವೆ. ಎಳೆಯದಾಗಿ ಕಿತ್ತ, ಬೇರಿಗೆ ಮಣ್ಣು ಅಂಟಿದ ಸಣ್ಣ ಕಟ್ಟನ್ನು ಕೀರೆ ಎಂದು ಕೂಗುವವರಿದ್ದಾರೆ. ಉದ್ದ ಕಾಂಡದ, ಬಾಳೆನಾರಿನಿಂದ ಬಿಗಿದ ದೊಡ್ಡ ಕಟ್ಟು ದಂಟು. ಬಿತ್ತದೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಸಣ್ಣೆಲೆಯದು ಚಿಲಕೀರೆ, ಚಿಲಕರಿವೆ. ಕಾಂಡದ ಗೆಣ್ಣಿನಲ್ಲಿ ಮುಳ್ಳಿರುವುದು ಮುಳ್ಳುಹರಿವೆ, ಮುಳ್ಳುದಂಟು. ಸಸ್ಯಶಾಸ್ತ್ರ ಇವುಗಳಲ್ಲಿ ಕೆಲವನ್ನು ಬೇರೆ ಪ್ರಭೇದಗಳೆಂದು ಬಿಡಿಸುತ್ತದೆ, ಕೆಲವನ್ನು ಒಂದೇ ಪ್ರಭೇದದ ತಳಿಗಳೆಂದು ಕೂಡಿಸುತ್ತದೆ. ಸಂತೆಯ ಹೆಂಗಸಿಗೆ ಆ ಲೆಕ್ಕ ಬೇಡ. ಅವಳ ಲೆಕ್ಕ ಬೇರೆ: ಇದನ್ನು ಕೊಂಡವರು ಮನೆಗೆ ಹೋಗಿ ಏನು ಮಾಡುತ್ತಾರೆ?

‘ದಂಟು’ ಎಂಬ ಹೆಸರು ಹುಟ್ಟಿದ್ದೇ ಆ ಲೆಕ್ಕದಿಂದ. ದಂಟು ಎಂದರೆ ಕಾಂಡ. ತಮಿಳಿನಲ್ಲಿ ತಂಡು, ಇದೇ ಸೊಪ್ಪು ಅಲ್ಲಿ ತಂಡುಕೀರೈ. ಎಲೆಯ ತರಕಾರಿಯೊಂದನ್ನು ಅದರ ಕಾಂಡದ ಹೆಸರಿನಿಂದ ಕರೆಯಬೇಕಾದರೆ ಕರೆದವರಿಗೆ ಕಾಂಡವೇ ಮುಖ್ಯವಾಗಿತ್ತು ಎಂದಾಯಿತು. ಅದು ಎಷ್ಟು ಮುಖ್ಯ ಎಂಬುದು ಬಸ್ಸಾರಿನ ಮುಂದೆ ಕೂತರೆ ತಿಳಿಯುತ್ತದೆ.

ಮೊದಲು ಸೊಪ್ಪು ಬಿಡಿಸುತ್ತಾರೆ. ದಂಟಿನ ಬುಡವನ್ನು ಉಗುರಿನಿಂದ ಒತ್ತಿ ನೋಡುತ್ತಾರೆ. ಉಗುರು ಇಳಿದರೆ ಎಳೆಯದು, ಇಳಿಯದಿದ್ದರೆ ಬಲಿತದ್ದು. ಬಲಿತ ತುದಿಯನ್ನು ಲಟಕ್ಕನೆ ಮುರಿದು ಕೆಳಕ್ಕೆಳೆದರೆ ನಾರು ದಾರದಂತೆ ಬಿಟ್ಟುಬರುತ್ತದೆ. ನಾರು ತೆಗೆದ ದಂಟನ್ನು ಬೆರಳುದ್ದ ಮುರಿದು, ತೊಗರಿಬೇಳೆಯೋ ಹುರುಳಿಕಾಳೋ ಅವರೆಕಾಳೋ ಅರೆಬೆಂದಿರುವಾಗ ಅದಕ್ಕೆ ಹಾಕುತ್ತಾರೆ. ಎಲೆ ಹಾಕುವುದು ಕೊನೆಯಲ್ಲಿ. ಎಲ್ಲ ಬೆಂದ ಮೇಲೆ ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ಒಂದು ಹಿಡಿ ಬೆಂದ ಸೊಪ್ಪು ರುಬ್ಬಿ ಸೇರಿಸಿದರೆ ಅದು ಬಸ್ಸಾರು: ಬಸಿದ ಸಾರು. ಉಳಿದ ಕಾಳು, ದಂಟು, ಎಲೆಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಮುದ್ದೆಗೆ ಸಾರು, ನಂಜಿಕೊಳ್ಳಲು ಪಲ್ಯ. ಬಾಯಿಗೆ ಸಿಕ್ಕ ದಂಟನ್ನು ಜಗಿದು ರಸ ಹೀರಿ ಸಿಪ್ಪೆ ತಟ್ಟೆಯ ಅಂಚಿಗೆ ಇಡುವುದು ಊಟದ ಒಂದು ಭಾಗ. ಇದೇ ಸೊಪ್ಪನ್ನು ಬೇಳೆಯೊಂದಿಗೆ ನುಣ್ಣಗೆ ಮಸೆದರೆ ಮಸ್ಸೊಪ್ಪು. ಆಗ ದಂಟಿನ ಮಾತು ಬರುವುದಿಲ್ಲ, ಎಳೆ ಕೀರೆಯೋ ಬೆರಕೆ ಸೊಪ್ಪೋ ಸಾಕು. ಬಸ್ಸಾರಿಗೆ ದಂಟು, ಮಸ್ಸೊಪ್ಪಿಗೆ ಕೀರೆ: ಎರಡು ಹೆಸರು ಒಂದೇ ಗಿಡವನ್ನು ಎರಡು ಪಾತ್ರೆಗಳಿಗೆ ಹಂಚುತ್ತಿವೆ.

ಕರಾವಳಿಗೆ ಇಳಿದರೆ ಹೆಸರು ಹರಿವೆ. ಘಟ್ಟದ ಮೇಲಿನ ಕೆಲವು ಕಡೆ ಹರಿಗೆ. ಇಲ್ಲಿ ಹರಿವೆ ಇಡೀ ಗಿಡದ ಹೆಸರು, ದಂಟು ಅದರ ಒಂದು ಭಾಗ. ‘ಹರಿವೆ ದಂಟು’, ‘ಬಸಳೆ ದಂಟು’ ಎಂದು ಬಿಡಿಸಿ ಹೇಳುತ್ತಾರೆ. ಮಂಡ್ಯದಲ್ಲಿ ದಂಟಿಗೆ ಸೊಪ್ಪಿದೆ, ಮಂಗಳೂರಿನಲ್ಲಿ ಹರಿವೆಗೆ ದಂಟಿದೆ. ಬಣ್ಣವೂ ಹೆಸರಿನೊಳಗೆ ಬರುತ್ತದೆ: ಕೆಂಪು ಹರಿವೆ, ಬಿಳಿ ಹರಿವೆ. ಕೆಂಪು ಹರಿವೆಯ ದಂಟನ್ನು ಹಲಸಿನ ಬೀಜದ ಜೊತೆ ಬೇಯಿಸಿ, ತೆಂಗಿನಕಾಯಿ ಮಸಾಲೆ ಅರೆದು ಹಾಕಿದ ಪದಾರ್ಥ ಅಲ್ಲಿನ ಮನೆಮನೆಯದು. ಬಡಿಸಿದ ಅನ್ನದ ಅಂಚು ಕೆಂಪಾಗುತ್ತದೆ. ಮಕ್ಕಳು ಅದಕ್ಕೇ ಖುಷಿಪಡುತ್ತಾರೆ. ಆ ಕೆಂಪು ಬೀಟ್‌ರೂಟಿನ ಕೆಂಪಿನ ಜಾತಿಯದೇ. ಅದೇ ನೆಲದ ತುಳುವಿನಲ್ಲಿ ಹರಿವೆಗೆ ಪದ್ಪೆ ಎನ್ನುತ್ತಾರೆ. ಕೊಂಕಣಿ ಮನೆಗಳಲ್ಲಿ ಅದು ಭಾಜಿ. ಒಂದೇ ಬೇಲಿಯ ಆಚೀಚೆ ಒಂದೇ ಮಡಿಯ ಸೊಪ್ಪಿಗೆ ಮೂರು ಭಾಷೆಯ ಮೂರು ಹೆಸರಿದ್ದರೂ ಅಲ್ಲಿ ಯಾರಿಗೂ ದುಭಾಷಿ ಬೇಕಾಗಿಲ್ಲ.

ಪಲ್ಯ ಎಂದರೆ ಯಾವ ಪಲ್ಯ?

ತುಂಗಭದ್ರೆ ದಾಟಿದರೆ ವ್ಯಾಕರಣವೇ ಬದಲಾಗುತ್ತದೆ. ಧಾರವಾಡದ ಸಂತೆಯಲ್ಲಿ ‘ಯವ್ವಾ, ಪಲ್ಯಾ ಹ್ಯಾಂಗ ಸೂಡಿ?’ ಎಂದು ಕೇಳುವುದು ಸಹಜ ಮಾತು. ಮೈಸೂರಿನ ಕಿವಿಗೆ ಇದು ವಿಚಿತ್ರ. ಅಲ್ಲಿ ಪಲ್ಯ ಎಂದರೆ ಒಲೆಯಿಂದ ಇಳಿದದ್ದು. ಹುರುಳಿಕಾಯಿ ಪಲ್ಯ, ಆಲೂಗಡ್ಡೆ ಪಲ್ಯ. ಅದನ್ನು ಸೂಡಿ ಕಟ್ಟಿ ಮಾರುವುದು ಹೇಗೆ? ಉತ್ತರದಲ್ಲಿ ಪಲ್ಯ, ಪಲ್ಲೆ ಎಂಬುದು ಹಸಿ ಸೊಪ್ಪಿಗೂ ಬೇಯಿಸಿದ ವ್ಯಂಜನಕ್ಕೂ ನಡೆಯುತ್ತದೆ. ಮೆಂತ್ಯೆ ಪಲ್ಯ ಸೋಸುತ್ತಾರೆ, ಅಂದರೆ ಕಸಕಡ್ಡಿ ತೆಗೆದು ಎಲೆ ಬಿಡಿಸುತ್ತಾರೆ. ಆಮೇಲೆ ಅದರ ಪಲ್ಯ ಮಾಡುತ್ತಾರೆ. ಕಾಯಿಪಲ್ಲೆ ಎಂದರೆ ಒಟ್ಟಾರೆ ತರಕಾರಿ. ತಪ್ಪಲು, ತೊಪ್ಪಲು ಎಂದರೆ ಎಲೆ: ಉಳ್ಳಾಗಡ್ಡಿ ತಪ್ಪಲು. ದಕ್ಷಿಣದವರಿಗೆ ತಪ್ಪಲು ಎಂದರೆ ಬೆಟ್ಟದ ಬುಡ. ಇನ್ನು ಉತ್ತರದಲ್ಲಿ ‘ದಂಟು’ ಕೇಳಿದರೆ ಮೊದಲು ನೆನಪಾಗುವುದು ಜೋಳದ ದಂಟು, ದನದ ಮೇವು.

ಪುಂಡಿ ಪಲ್ಯದ ಮಾತು ಇಲ್ಲಿ ಹೇಳಲೇಬೇಕು. ಕಲಬುರಗಿ, ರಾಯಚೂರು, ವಿಜಯಪುರದ ಜೋಳದ ರೊಟ್ಟಿಗೆ ಪುಂಡಿ ಪಲ್ಯ ಎಂಥ ಜೋಡಿ ಎಂದು ಆ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಪುಂಡಿ ಹುಳಿ ಸೊಪ್ಪಾದರೂ ರೈತನಿಗೆ ಅದು ನಾರಿನ ಗಿಡವೂ ಹೌದು; ಪುಂಡಿ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಆದ್ದರಿಂದ ‘ಪುಂಡಿ’ ಎಂದು ಬಿಟ್ಟರೆ ಹಗ್ಗವೋ ಹೊಟ್ಟೆಗೋ ಎಂಬುದು ಸ್ಪಷ್ಟವಾಗದು. ‘ಪುಂಡಿ ಪಲ್ಯ’ ಎಂದಾಗ ಅಡುಗೆಮನೆಯ ಬಾಗಿಲು ತೆರೆಯಿತು. ದಕ್ಷಿಣದಲ್ಲಿ ಸಬ್ಬಕ್ಕಿಯ ಹಿಂದೆ ನಿಂತು ‘ಸೊಪ್ಪು’ ಮಾಡುವ ಕೆಲಸವನ್ನೇ ಇಲ್ಲಿ ‘ಪಲ್ಯ’ ಮಾಡುತ್ತಿದೆ. ಅದೇ ಗುಂಪಿನ ಗಿಡ ಆಂಧ್ರ, ತೆಲಂಗಾಣಗಳಲ್ಲಿ ಗೋಂಗೂರ, ಮಹಾರಾಷ್ಟ್ರದಲ್ಲಿ ಅಂಬಾಡಿ.

ನಮ್ಮ ಹರಿವೆ ಉತ್ತರದಲ್ಲಿ ರಾಜಗಿರಿ ಪಲ್ಯ ಎಂಬ ಹೆಸರಿನಲ್ಲಿ ಬರುತ್ತದೆ. ಇಲ್ಲೊಂದು ಗಂಟಿದೆ. ಬೆಂಗಳೂರಿನ ದಿನಸಿ ಅಂಗಡಿಯಲ್ಲಿ ರಾಜಗಿರಿ ಎಂದರೆ ಕೆನೆಬಣ್ಣದ ಸಣ್ಣ ಕಾಳು, ಅದರ ಹಿಟ್ಟು, ಅರಳು ಹುರಿದು ಬೆಲ್ಲದಲ್ಲಿ ಕಟ್ಟಿದ ಉಂಡೆ. ಏಕಾದಶಿಯ ಉಪವಾಸಕ್ಕೆ ಅಕ್ಕಿ ಗೋಧಿ ವರ್ಜ್ಯ, ರಾಜಗಿರಿ ನಡೆಯುತ್ತದೆ. ಲೋಕರೂಢಿಯಲ್ಲಿ ಅದು ಧಾನ್ಯದ ಪಂಕ್ತಿಯದಲ್ಲ. ಈ ಕಾಳಿನ ಜಾತಿಗಳ ತವರು ಅಮೆರಿಕ ಖಂಡ. ಮೆಕ್ಸಿಕೋದ ಅಸ್ಟೆಕ್ ಜನರಿಗೆ ಅದು ಮೆಕ್ಕೆಜೋಳದ ಸಾಲಿನ ಆಹಾರವಾಗಿತ್ತು, ಪೂಜೆಯ ಸಾಮಗ್ರಿಯೂ ಆಗಿತ್ತು. ಆ ಪೂಜೆಯ ಕಾರಣಕ್ಕೇ ಸ್ಪೇನಿನ ಆಳ್ವಿಕೆ ಅದನ್ನು ಹತ್ತಿಕ್ಕಿತು. ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂದು ಪುಸ್ತಕಕ್ಕೆ ಹೆಸರಿಟ್ಟರಲ್ಲ, ಆ ಮಾತಿನ ಹಿಂದಿರುವ ಬೆರಗು ಇಲ್ಲೂ ಸಲ್ಲುತ್ತದೆ. ಸಾಗರದಾಚೆ ಒಂದು ದೇವರ ಮುಂದೆ ನಿಷಿದ್ಧವಾದ ಕಾಳು ಇಲ್ಲಿ ಇನ್ನೊಂದು ದೇವರ ಉಪವಾಸಕ್ಕೆ ಒದಗಿತು. ಎಲೆಗಾಗಿ ಬೆಳೆಯುವ ನಮ್ಮ ಹರಿವೆಯಾದರೋ ಬಹುಮಟ್ಟಿಗೆ ಏಷ್ಯಾದ್ದೇ ಗಿಡ. ಹೀಗೆ ಎರಡು ಖಂಡಗಳ ಸೋದರರು ‘ರಾಜಗಿರಿ’ ಎಂಬ ಒಂದೇ ಹೆಸರಿನಡಿ ಕೂತಿದ್ದಾರೆ. ಹೇಳಿದವರು ಧಾರವಾಡದವರೋ ಬೆಂಗಳೂರಿನವರೋ ಎಂದು ಗೊತ್ತಾಗದೆ ಅರ್ಥ ತೀರ್ಮಾನವಾಗದು.

ನೆರೆಮನೆಯ ಸೊಪ್ಪು

ಹಸಿ ಸೊಪ್ಪಿಗೂ ಬೇಯಿಸಿದ್ದಕ್ಕೂ ಒಂದೇ ಹೆಸರು ಎಂಬುದು ಉತ್ತರ ಕರ್ನಾಟಕದವರ ವಿಶೇಷವೇನಲ್ಲ. ತೆಲುಗಿನ ‘ಕೂರ’ ನೋಡಿ. ಆಕುಕೂರ ಎಂದರೆ ಸೊಪ್ಪು, ತೋಟಕೂರ ಎಂದರೆ ನಮ್ಮ ಹರಿವೆ, ಬಚ್ಚಲಿಕೂರ ಎಂದರೆ ಬಸಳೆ. ಆದರೆ ವಂಕಾಯ ಕೂರ ಎಂದರೆ ಬದನೆಕಾಯಿ ಪಲ್ಯ. ಮರಾಠಿಯ ಭಾಜಿಯೂ ಹಾಗೆಯೇ. ಮಂಡಿಯಲ್ಲಿರುವುದೂ ಭಾಜಿ, ಪಾವಿನ ಜೊತೆ ಬಡಿಸುವುದೂ ಭಾಜಿ. ಕನ್ನಡದ ಬಜ್ಜಿ ಇನ್ನೂ ಒಂದು ಹೆಜ್ಜೆ ಆಚೆ ಹೋಗಿ, ಸುಟ್ಟ ಬದನೆಕಾಯಿ ಹಿಸುಕಿ ಮೊಸರು ಬೆರೆಸಿದ್ದಕ್ಕೂ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದಕ್ಕೂ ಹೆಸರಾಗಿದೆ.

ಸಂಸ್ಕೃತದ ‘ಶಾಕ’ ಇವೆಲ್ಲಕ್ಕಿಂತ ವಿಶಾಲ. ಎಲೆ, ಹೂ, ಕಾಯಿ, ಕಾಂಡ, ಗೆಡ್ಡೆ ಎಲ್ಲವೂ ಆಯುರ್ವೇದದ ಶಾಕವರ್ಗದಲ್ಲಿ ಸೇರುತ್ತವೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಯ ಅಡುಗೆಯೂ ಶಾಕಪಾಕವೇ. ಅದೇ ಪದ ಹಿಂದಿಯಲ್ಲಿ ‘ಸಾಗ್’ ಆಗುವ ಹೊತ್ತಿಗೆ ಎಲೆಗೆ ಮಾತ್ರ ಸೀಮಿತವಾಯಿತು.

ನನಗೆ ಹೆಚ್ಚು ಸ್ವಾರಸ್ಯವಾಗಿ ಕಾಣುವುದು ‘ಕೀರೆ’ಯ ಕಥೆ. ತಮಿಳಿನಲ್ಲಿ ಕೀರೈ ಎಂದರೆ ಯಾವುದೇ ಸೊಪ್ಪು. ನುಗ್ಗೆಯದು ಮುರುಂಗೈಕೀರೈ, ಅಗಸೆಯದು ಅಗತ್ತಿಕೀರೈ, ನಮ್ಮ ಹೊನಗೊನೆ ಅಲ್ಲಿ ಪೊನ್ನಾಂಗಣ್ಣಿ ಕೀರೈ. ಮಲಯಾಳದಲ್ಲಿ ಇದೇ ಪದ ಚೀರ. ನಮ್ಮ ಕಿವಿ ಅವರಿಗೆ ಚೆವಿ ಆದಂತೆ, ಕೆರೆ ಚಿರ ಆದಂತೆ, ಕೀರೆ ಚೀರವಾಗಿದೆ. ಆದರೆ ಅರ್ಥ ಬಿಗಿಯಾಗಿದೆ: ಕೇರಳದಲ್ಲಿ ಬರೀ ‘ಚೀರ’ ಎಂದರೆ ಹರಿವೆ, ಅದರಲ್ಲೂ ಕಣ್ಣಿಗೆ ಕಟ್ಟುವುದು ಕೆಂಪು ಹರಿವೆ. ಮುಂದೆ ಬೇರೆ ಪದ ಸೇರಿದರೆ ಮಾತ್ರ ಬೇರೆ ಸೊಪ್ಪು. ವಳ್ಳಿಚ್ಚೀರ ಎಂದರೆ ಬಳ್ಳಿಯ ಬಸಳೆ. ಕನ್ನಡದಲ್ಲಿ ‘ಸೊಪ್ಪು’ ಎಂಬ ದೊಡ್ಡ ಪದ ಮೊದಲೇ ಕೂತಿತ್ತು. ಆದ್ದರಿಂದ ಕೀರೆ ಇಲ್ಲಿ ಹರಿವೆಯ ಒಂದು ಬಗೆಗೆ ಹೆಸರಾಗಿ ಉಳಿಯಿತು, ಅದೂ ‘ಕೀರೆ ಸೊಪ್ಪು’ ಎಂದು. ತಮಿಳರ ಕಿವಿಗೆ ಅದು ‘ಸೊಪ್ಪು ಸೊಪ್ಪು’ ಎಂದಂತೆ ಕೇಳೀತು. ಮೂರು ಭಾಷೆಗಳಲ್ಲಿ ಒಂದೇ ಪದ, ಮೂರು ಅಳತೆ: ಒಂದು ಕಡೆ ಎಲ್ಲ ಸೊಪ್ಪು, ಇನ್ನೊಂದು ಕಡೆ ಹರಿವೆ, ನಮ್ಮಲ್ಲಿ ಹರಿವೆಯ ಒಂದು ರೂಪ. ಕೇರಳದಲ್ಲೂ ನಮ್ಮಲ್ಲೂ ಈ ಪದ ಕೊನೆಗೆ ಹರಿವೆಯ ಸುತ್ತಲೇ ಸುಳಿದಾಡುವುದನ್ನು ಕಂಡರೆ, ಈ ಪ್ರದೇಶದ ಜನರಿಗೆ ಸೊಪ್ಪು ಎಂದೊಡನೆ ಹೊಳೆಯುತ್ತಿದ್ದದ್ದು ಇದೇ ಗಿಡವೇನೋ ಎನ್ನಿಸುತ್ತದೆ.

ಹೆಸರು ಹಡಗನ್ನೂ ಹತ್ತಿದೆ. 1838ರಲ್ಲಿ ಗಯಾನಾಕ್ಕೆ, 1845ರಲ್ಲಿ ಟ್ರಿನಿಡಾಡಿಗೆ ಕಬ್ಬಿನ ತೋಟದ ಕರಾರು ಕೂಲಿಗಳಾಗಿ ಭಾರತೀಯರು ಹೋಗತೊಡಗಿದರು. ಹೆಚ್ಚಿನವರು ಭೋಜಪುರಿ ಸೀಮೆಯವರು. ಅವರ ಸಂತತಿಯವರಿಗೆ ಟ್ರಿನಿಡಾಡಿನಲ್ಲಿ ಈ ಸೊಪ್ಪು ಇಂದಿಗೂ ‘ಭಾಜಿ’. ಕೆರಿಬಿಯನ್ನಿನ ಇನ್ನೊಂದು ಹೆಸರು ಕಲಾಲೂ. ಜಮೈಕಾದಲ್ಲಿ ಕಲಾಲೂ ಎಂದರೆ ಹರಿವೆ ಜಾತಿಯ ಸೊಪ್ಪು. ಟ್ರಿನಿಡಾಡಿನಲ್ಲಿ ಕಲಾಲೂ ಎಂದರೆ ಕೆಸುವಿನ ಎಲೆಯಿಂದ ಮಾಡುವ ಒಂದು ವ್ಯಂಜನ. ಒಂದು ದ್ವೀಪಕ್ಕೆ ಅದು ಎಲೆ, ಇನ್ನೊಂದಕ್ಕೆ ಅಡುಗೆ. ಧಾರವಾಡ, ಮೈಸೂರುಗಳ ಪಲ್ಯದ ವ್ಯಾಜ್ಯ ಅಟ್ಲಾಂಟಿಕ್ ಸಾಗರದ ಅಂಚಿನಲ್ಲೂ ನಡೆದಿದೆ ಎಂದಾಯಿತು.

ಬಾಡದ ಹೂವು, ಅಕ್ಕಿಯಂಥ ಕಾಳು

ಶಾಸ್ತ್ರದ ಹೆಸರುಗಳು ಬೇರೆ ದಿಕ್ಕಿನಿಂದ ನೋಡುತ್ತವೆ. ಕಾರ್ಲ್ ಲಿನ್ನೇಯಸ್ 1753ರ ತನ್ನ ಗ್ರಂಥದಲ್ಲಿ ಈ ಕುಲವನ್ನು ಅಮರಾಂಥಸ್ ಎಂಬ ಹೆಸರಿನಲ್ಲಿ ನಿಲ್ಲಿಸಿದ. ಗ್ರೀಕಿನ ಮೂಲಪದಕ್ಕೆ ‘ಬಾಡದ್ದು’ ಎಂದರ್ಥ; ಒಣಗಿದರೂ ಬಣ್ಣ ಬಿಡದ ಇದರ ಹೂಗೊಂಚಲು ಅದಕ್ಕೆ ಕಾರಣ. ನೋಡಿದವನು ಹೂವನ್ನು ನೋಡಿದ. ಸಂಸ್ಕೃತದ ತಂಡುಲೀಯ ಎಂಬ ಹೆಸರಿನಲ್ಲಿ ತಂಡುಲ, ಅಂದರೆ ಅಕ್ಕಿ ಇದೆ. ಮರಾಠಿಯ ತಾಂದುಳಜಾ ಅದರದೇ ಮೊಮ್ಮಗು. ಅವರು ಕಾಳನ್ನು ನೋಡಿದರು. ದಂಟು ಎಂದವರು ಕಾಂಡವನ್ನು ಹಿಡಿದರು. ಕೆಂಪು ಹರಿವೆ ಎಂದವರು ಬಣ್ಣವನ್ನು ಕಂಡರು. ಹೂ ನೋಡಿದ ಲ್ಯಾಟಿನ್ ಹೆಸರನ್ನು ಹಿಡಿದು, ಹೂ ಬಿಡುವ ಮೊದಲೇ ಕಿತ್ತು ತಿನ್ನುವ ನಮ್ಮವರ ಹೆಸರುಗಳನ್ನು ತೂಗಿ ‘ಇವು ಅಶಾಸ್ತ್ರೀಯ’ ಎನ್ನುವುದು ನ್ಯಾಯವಲ್ಲ. ಮಾರುವವನಿಗೆ ಹರಿವೆ ಹೂ ಬಿಟ್ಟಿತೆಂದರೆ ಕಟ್ಟು ಕೆಟ್ಟಿತು ಎಂದೇ ಲೆಕ್ಕ.

ಈಚಿನ ಹೆಸರುಗಳೂ ಉಪಯೋಗವನ್ನೇ ಹೇಳುತ್ತವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ತಳಿಗಳಲ್ಲಿ ಅರ್ಕ ಸುಗುಣ ಒಂದು. ಕೊಯ್ದಷ್ಟೂ ಚಿಗುರುವುದು ಅದರ ಗುಣ. ಅರ್ಕ ಅರುಣಿಮ ಕೆನ್ನೇರಳೆ ಎಲೆಯದು. ಕೇರಳದ ಕೃಷಿ ವಿಶ್ವವಿದ್ಯಾಲಯದ ಕೆಂಪು ತಳಿಗೆ ಅರುಣ್ ಎಂದು ಹೆಸರು. ಬೀಜದ ಪೊಟ್ಟಣದ ಮೇಲಿರುವ ಈ ಹೆಸರುಗಳು ಗದ್ದೆಯ ಬದುವಿನಲ್ಲೇ ನಿಲ್ಲುತ್ತವೆ. ಸಂತೆಗೆ ಬರುವಾಗ ಅರ್ಕ ಸುಗುಣ ಮತ್ತೆ ದಂಟಾಗುತ್ತದೆ, ಕೀರೆಯಾಗುತ್ತದೆ, ಹರಿವೆಯಾಗುತ್ತದೆ.

ಎಲ್ಲವೂ ಸ್ಪಿನಾಚ್ ಆದಾಗ

ಇಲ್ಲಿಯವರೆಗೆ ಹೇಳಿದ್ದು ಹೆಸರುಗಳ ಸಮೃದ್ಧಿ. ಈಗ ಒಂದು ಬಡತನದ ಮಾತು. ಇಂಗ್ಲಿಷಿನಲ್ಲಿ ಸೊಪ್ಪಿನ ಹೆಸರುಗಳು ಕಡಿಮೆ. ಹೊಸ ಸೊಪ್ಪು ಕಂಡಾಗಲೆಲ್ಲ ಅವರು ಸ್ಪಿನಾಚ್ ಎಂಬ ಪದಕ್ಕೆ ಒಂದು ಊರಿನ ಹೆಸರು ಅಂಟಿಸಿದರು. ಬಸಳೆ ಮಲಬಾರ್ ಸ್ಪಿನಾಚ್ ಆಯಿತು, ಹರಿವೆ ಚೈನೀಸ್ ಸ್ಪಿನಾಚ್ ಆಯಿತು. ಅವರ ಅನುಕೂಲಕ್ಕೆ ಅವರು ಮಾಡಿಕೊಂಡದ್ದು. ತೊಡಕು ಬರುವುದು ಅದನ್ನು ನಾವು ಕನ್ನಡಕ್ಕೆ ತಿರುಗಿಸಿಕೊಂಡಾಗ. ಸ್ಪಿನಾಚ್ ಎಂಬುದಕ್ಕೆ ಕೆಲವು ಕನ್ನಡ ಪುಸ್ತಕಗಳಲ್ಲಿ ಪಾಲಕ್ ಎಂದಿರುತ್ತದೆ, ಕೆಲವದರಲ್ಲಿ ಬಸಳೆ. ಬಸಳೆ ಬಳ್ಳಿ, ಅದರ ಸಸ್ಯಕುಟುಂಬವೇ ಬೇರೆ. ನಮ್ಮ ಮಾರುಕಟ್ಟೆಯ ಪಾಲಕ್ ಕೂಡ ಹೆಚ್ಚಾಗಿ ಇಂಗ್ಲಿಷರ ಸ್ಪಿನಾಚ್ ಅಲ್ಲ, ಬೀಟ್‌ರೂಟಿನ ಪ್ರಭೇದಕ್ಕೇ ಸೇರಿದ ಸೊಪ್ಪು.

ಇದು ಪಂಡಿತರ ಜಗಳ ಎಂದು ನಗಬಹುದು. ಆದರೆ ಆಸ್ಪತ್ರೆಯ ಪಥ್ಯದ ಪಟ್ಟಿಯಲ್ಲಿ ‘ಸ್ಪಿನಾಚ್ ಬೇಡ’ ಎಂದಿದ್ದು ಅನುವಾದದಲ್ಲಿ ‘ಬಸಳೆ ಬೇಡ’ ಎಂದಾದರೆ ಉಡುಪಿಯ ರೋಗಿ ಬಸಳೆ ಬಿಟ್ಟು ಪಾಲಕ್ ತಿನ್ನುತ್ತಾನೆ. ಅಡುಗೆ ಪುಸ್ತಕದಲ್ಲಿ ಹೀಗಾದರೆ ಲೋಳೆಯ ಬಸಳೆಯಲ್ಲಿ ಪಾಲಕ್ ಪನೀರ್ ಮಾಡಿ ಕೂರಬೇಕಾಗುತ್ತದೆ. ಸೂಪರ್ ಮಾರ್ಕೆಟ್ಟಿನ ಚೀಟಿಯಲ್ಲಿ, ಮೊಬೈಲಿನ ತರಕಾರಿ ಆ್ಯಪಿನಲ್ಲಿ ಹರಿವೆ, ದಂಟು, ಕೀರೆ ಮೂರಕ್ಕೂ ‘ಅಮರಂತ್’ ಎಂದಿರುತ್ತದೆ. ಬಸ್ಸಾರು ಮಾಡಲು ಹೊರಟವರಿಗೆ ಎಳೆ ಕಟ್ಟು ಬಂದು ಬೀಳುತ್ತದೆ. ಜಗಿಯಲು ದಂಟೇ ಇಲ್ಲ. ಸರಕು ಸರಿಯಾಗಿಯೇ ಇದೆ, ಹೆಸರಿನಲ್ಲಿದ್ದ ಮಾಹಿತಿ ದಾರಿಯಲ್ಲಿ ಸೋರಿಹೋಗಿದೆ. ನಗರದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಸೊಪ್ಪೆಂದರೆ ಪಾಲಕ್ ಒಂದೇ ಎಂಬಂತಾಗುತ್ತಿರುವುದು ಇದರ ಮುಂದಿನ ಹೆಜ್ಜೆ. ಹೆಸರು ಮರೆತ ಸೊಪ್ಪನ್ನು ಯಾರೂ ಕೇಳುವುದಿಲ್ಲ, ಯಾರೂ ಕೇಳದ್ದನ್ನು ರೈತ ಬಿತ್ತುವುದಿಲ್ಲ.

ನಿಘಂಟು ಏನು ಮಾಡಬೇಕು

ಕನ್ನಡಕ್ಕೆ ನಿಘಂಟಿನ ಪರಂಪರೆ ಚಿಕ್ಕದೇನಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದ ಕಿಟ್ಟೆಲರ ಕೋಶ ಗಿಡಗಳಿಗೆ ಲ್ಯಾಟಿನ್ ಹೆಸರು ಕೊಡುವ ಶಿಸ್ತನ್ನು ಪಾಲಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕಾವ್ಯ ಶಾಸನಗಳ ಪ್ರಯೋಗಗಳನ್ನು ಹುಡುಕಿ ತಂದಿತು. ಆದರೆ ಸಂತೆಯ ಪ್ರಯೋಗವನ್ನು ಯಾವ ಪುಟದಿಂದ ಉದ್ಧರಿಸುವುದು? ನಮ್ಮ ನೆರೆಯಲ್ಲೇ ಒಂದು ಮಾದರಿ ಇದೆ. ಉಡುಪಿಯಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳಲ್ಲಿ ಬಂದ ‘ತುಳು ನಿಘಂಟು’ ಜನರ ಬಾಯಿಂದ ಪದ ಸಂಗ್ರಹಿಸಿತು, ಪ್ರಾದೇಶಿಕ ರೂಪಗಳನ್ನೂ ದಾಖಲಿಸಿತು. ಆ ದಾರಿಯಲ್ಲಿ ಕನ್ನಡದ ಒಂದು ಸೊಪ್ಪಿನ ನಮೂದು ಹೇಗಿರಬಹುದು? ಒಂದು ಕರಡನ್ನು ನಿಮ್ಮ ಮುಂದಿಡುತ್ತೇನೆ.

ದಂಟು. ನಾಮಪದ. 1. ಗಿಡದ ಕಾಂಡ; ಕರಾವಳಿಯಲ್ಲಿ ಹರಿವೆ, ಬಸಳೆ ಮುಂತಾದವುಗಳ ತಿನ್ನುವ ಕಾಂಡ. 2. ಹಳೇ ಮೈಸೂರು ಸೀಮೆಯಲ್ಲಿ, ಅಮರಾಂಥಸ್ ಕುಲದ ಬೆಳೆದ ಸೊಪ್ಪು, ಎಲೆ ಕಾಂಡ ಎರಡೂ ಸೇರಿ. ಕಟ್ಟಿನ ಲೆಕ್ಕದಲ್ಲಿ ಮಾರುವರು. ಬಸ್ಸಾರು, ಹುಳಿ, ಪಲ್ಯಕ್ಕೆ ಒದಗುವುದು. ನಾರು ತೆಗೆದು ಬೇಯಿಸುವರು. ಎಳೆಯದಕ್ಕೆ ನೋಡಿ: ಕೀರೆ. ಕರಾವಳಿಯಲ್ಲಿ ನೋಡಿ: ಹರಿವೆ. ಉತ್ತರ ಕರ್ನಾಟಕದಲ್ಲಿ ನೋಡಿ: ರಾಜಗಿರಿ ಪಲ್ಯ. 3. ಉತ್ತರ ಕರ್ನಾಟಕದಲ್ಲಿ, ಜೋಳದ ಒಣ ಕಾಂಡ, ಮೇವು.

ಇಷ್ಟೇ. ಹತ್ತು ಸಾಲು ಸಾಲದು ಎನ್ನುವವರು ಇನ್ನೂ ಸೇರಿಸಲಿ. ಆದರೆ ಸ್ಥಳ, ವಯಸ್ಸು, ತಿನ್ನುವ ಭಾಗ, ಅಳತೆ, ಅಡುಗೆ ಈ ಐದು ಇಲ್ಲದೆ ಸೊಪ್ಪಿನ ನಮೂದು ಪೂರ್ಣವಾಗದು ಎಂಬುದು ನನ್ನ ವಾದ. ಲ್ಯಾಟಿನ್ ಹೆಸರು ಇರಲಿ, ಅದು ಆರನೆಯದು.

ವಿದ್ಯಾರ್ಥಿಗಳಿಗೆ ಒಂದು ಮಾತು. ಇದಕ್ಕೆ ಅನುದಾನ, ಯೋಜನೆ, ಸಮಿತಿ ಯಾವುದೂ ಬೇಕಾಗಿಲ್ಲ. ಈ ಸಭೆಯಲ್ಲೇ ಹಲವು ಜಿಲ್ಲೆಗಳವರಿದ್ದೀರಿ. ನಿಮ್ಮ ಊರಿನ ಸಂತೆಯಲ್ಲಿ ಒಂದು ಬೆಳಗ್ಗೆ ಕಳೆಯಿರಿ. ಕಟ್ಟು ತೋರಿಸಿ ‘ಇದಕ್ಕೇನಂತೀರಿ?’ ಎಂದು ಕೇಳಿ ಬರೆದುಕೊಳ್ಳುವುದು ಅರ್ಧ ಕೆಲಸ. ‘ಇದರಲ್ಲಿ ಏನು ಮಾಡ್ತೀರಿ?’ ಎಂಬ ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಅರ್ಥ ಇರುವುದು ಆ ಎರಡನೆಯ ಉತ್ತರದಲ್ಲಿ. ಮಾರುವವರ ಹೆಸರು, ಬೆಳೆಯುವವರ ಹೆಸರು, ಬೇಯಿಸುವವರ ಹೆಸರು ಬೇರೆಬೇರೆಯಾಗಿ ಸಿಕ್ಕರೆ ಮೂರನ್ನೂ ಬರೆಯಿರಿ. ಯಾವುದನ್ನೂ ‘ಅಶುದ್ಧ’ ಎಂದು ತಿದ್ದಬೇಡಿ. ಕೀರೆಯನ್ನು ಹರಿವೆ ಮಾಡುವುದು, ಪಲ್ಯವನ್ನು ಸೊಪ್ಪು ಮಾಡುವುದು ಶುದ್ಧೀಕರಣವಾಗದು. ಒಂದು ಊರಿನ ಅಡುಗೆಯನ್ನು ಇನ್ನೊಂದು ಊರಿನ ಹೆಸರಿನಲ್ಲಿ ಅಳಿಸಿಹಾಕಿದಂತಾಗುತ್ತದೆ. ನೀವು ಹಾಗೆ ಸಂಗ್ರಹಿಸಿದ್ದನ್ನು ವಿಭಾಗದ ಗ್ರಂಥಾಲಯದಲ್ಲಿ ಇಟ್ಟರೆ ಮುಂದೆ ನಿಘಂಟು ಪರಿಷ್ಕರಿಸುವವರಿಗೆ ಅದು ಆಕರವಾಗುತ್ತದೆ, ಮತ್ತು ಈ ದತ್ತಿಯ ಆಶಯ ಒಂದು ದಿನದ ಭಾಷಣಕ್ಕೆ ನಿಲ್ಲದೆ ಮುಂದುವರಿಯುತ್ತದೆ.